ಗಾಜಿಗೆ ಹಿಡಿಯದ ಅಕ್ಷರಗಳು

ನಮ್ಮಕ್ಕನ ಎಡ ಹೆಗಲ ಮೇಲೆ ಒಂದು ಬಟ್ಟೆ ಇಲ್ಲದ್ದನ್ನು ನಾನು ಎರಡೇ ಸಲ ನೋಡಿದ್ದೇನೆ. ಒಂದು, ಅವಳ ಮದುವೆಯ ದಿನ. ಇನ್ನೊಂದು, ನಾನೇ ಅದನ್ನು ಕಿತ್ತುಕೊಂಡ ಮೇಲೆ. ಮದುವೆಯ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಎರಡನೆಯದನ್ನು ಮಾತ್ರ ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬಿಹೋಗುತ್ತದೆ.

ಅಕ್ಕ ಮೂವತ್ನಾಲ್ಕು ವರ್ಷ ಒಂದು ದೊಡ್ಡ ಹೋಟೆಲಿನಲ್ಲಿ ರೂಮು ಸ್ವಚ್ಛ ಮಾಡುವ ಕೆಲಸದಲ್ಲಿದ್ದಳು. ಬಕೆಟ್ ಹಿಡಿದು ಸೇರಿದವಳು ಬಿಡುವಾಗ ಮೂರು ಮಹಡಿಗಳ ಮೇಲ್ವಿಚಾರಕಿ. ಅವಳ ಕೈಕೆಳಗೆ ಕೆಲಸ ಕಲಿತವರನ್ನು ಕೇಳಿ ನೋಡಿ, ಎಲ್ಲರ ಬಾಯಲ್ಲೂ ಅವಳ ಒಂದೇ ಮಾತು: "ಬಾಗಿಲು ಎಳೆಯೋ ಮುಂಚೆ ಕೊನೇದಾಗಿ ಒಂದು ಸಲ ಒರೆಸಿಬಿಡು." ಹಾಸಿಗೆ ಹಾಸಿ, ನೆಲ ಒರೆಸಿ, ಕನ್ನಡಿ ಉಜ್ಜಿ, ಎಲ್ಲ ಮುಗಿದ ಮೇಲೂ ಮೇಜಿನ ಅಂಚಿಗೋ ಬಾಗಿಲ ಹಿಡಿಕೆಗೋ ಹೆಗಲ ಬಟ್ಟೆಯನ್ನು ಒಮ್ಮೆ ಆಡಿಸಿದರೇ ಅವಳಿಗೆ ಸಮಾಧಾನ. ನಿವೃತ್ತಿಯ ನಂತರ ಹೋಟೆಲು ಬಿಟ್ಟಳು, ಬಟ್ಟೆ ಬಿಡಲಿಲ್ಲ. ನನ್ನ ಮನೆಗೆ ಬಂದರೆ ನನ್ನ ಟೀವಿ ಒರೆಸುತ್ತಾಳೆ. ಒಮ್ಮೆ ಮಾತಾಡುತ್ತಾ ಮಾತಾಡುತ್ತಾ ನನ್ನ ಕೆನ್ನೆಯನ್ನೇ ಒರೆಸಿದಳು. "ಏನೇ ಇದು?" ಎಂದರೆ, "ಒರೆಸಿದ್ನಾ? ಯಾವಾಗ?" ಎಂದು ನನ್ನನ್ನೇ ಕೇಳಿದಳು. ಸುಳ್ಳಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಭಾವನದು ಕನ್ನಡಕದ ಅಂಗಡಿ. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು, ಎರಡೂ ಕಡೆ ಗಾಜಿನ ಕಪಾಟು, ಕೊನೆಯಲ್ಲಿ ಕೆಳಕೆಳಗೆ ಹೋದಂತೆ ಸಣ್ಣದಾಗುವ ಅಕ್ಷರಗಳ ಬೋರ್ಡು. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ, ಆದರೆ ಯಾರಾದರೂ ಕನ್ನಡಕದ ಗಾಜಿಗೆ ಬೆರಳಿಟ್ಟರೆ ಮಾತ್ರ ಸಿಡಿದುಬೀಳುತ್ತಿದ್ದರು. "ಕಡ್ಡಿ ಹಿಡೀರಿ, ಕಡ್ಡಿ! ಗಾಜು ಯಾಕ್ರೀ ಮುಟ್ತೀರಿ?" ಗಿರಾಕಿ ಅತ್ತ ಹೋದ ಮೇಲೆ ಆ ಗಾಜಿನ ಮೇಲೆ 'ಹಾ' ಎಂದು ಉಸಿರು ಬಿಡುತ್ತಿದ್ದರು. ಮಂಜು ಹಿಡಿದ ಗಾಜಿನಲ್ಲಿ ಬೆರಳ ಗುರುತು ಗೆರೆಗೆರೆಯಾಗಿ ಏಳುತ್ತಿತ್ತು. "ನೋಡಮ್ಮ, ಕಳ್ಳ ಸಿಕ್ಕಿಬಿದ್ದ," ಎಂದು ನನಗೆ ತೋರಿಸಿ ನಗುತ್ತಿದ್ದರು. ಹೀಗೆ ಒಬ್ಬಳು ಮನೆ ಒರೆಸುತ್ತಾ, ಒಬ್ಬರು ಗಾಜು ಒರೆಸುತ್ತಾ ಚೆನ್ನಾಗಿ ಬಾಳಿದರು. ಮಕ್ಕಳಿಲ್ಲ. ಪಕ್ಕದ ಬೀದಿಯಲ್ಲಿ ನಾನಿದ್ದೆ, ಜಗಳಕ್ಕೆ ಬೇಕಾದಾಗ ಒದಗುತ್ತಿದ್ದೆ.

ಒಂದು ದಿನ ಅಂಗಡಿಯಲ್ಲಿ ಕೂತಲ್ಲೇ ಭಾವ ವಾಲಿದರು. ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯವರು. ಜೀವ ಉಳಿಯಿತು, ಬುದ್ಧಿಗೂ ಏನೂ ಆಗಲಿಲ್ಲ. ಕೈ, ಕಾಲು, ನಾಲಗೆ ಮಾತ್ರ ಯಾವುದೂ ಅವರ ಮಾತು ಕೇಳದಂತಾದವು. ಉಳಿದದ್ದು ಕಣ್ಣು. ಮೇಲೆ ನೋಡಿದರೆ ಹೌದು, ಮುಚ್ಚಿದರೆ ಇಲ್ಲ, ಇಷ್ಟೇ ಭಾಷೆ. ಜೀವನಪೂರ್ತಿ ಇನ್ನೊಬ್ಬರ ಕಣ್ಣು ನೋಡಿದವರಿಗೆ ಇಂಥ ಗತಿ ಬಂತಲ್ಲ ಎಂದು ನನಗೆ ಕೋಪ ಬಂತು. ಯಾರ ಮೇಲೆ ಎಂದು ಕೇಳಬೇಡಿ, ಬಂತು ಅಷ್ಟೆ.

ಅಕ್ಕ ಅಳಲಿಲ್ಲ. ಮುಂದಿನ ಕೋಣೆಯನ್ನು ಖಾಲಿ ಮಾಡಿ ಕಿಟಕಿ ಪಕ್ಕ ಮಂಚ ಹಾಕಿದಳು. ಕೈಕಾಲು ಉಜ್ಜುತ್ತಿರಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದೇ ತಡ, ಔಷಧಿ ಅಂಗಡಿಯಿಂದ ಎಣ್ಣೆ ತಂದಳು. ಅದರ ಘಾಟು ಬೀದಿಯ ತಿರುವಿಗೇ ಮೂಗಿಗೆ ಹೊಡೆಯುತ್ತಿತ್ತು. ದಿನಾ ಬೆಳಗ್ಗೆ ಒಂದು ಗಂಟೆ, ಬೆರಳಿನ ತುದಿಯಿಂದ ಭುಜದವರೆಗೆ, ಪಾದದಿಂದ ಸೊಂಟದವರೆಗೆ ತಿಕ್ಕಿ, ಜಾಸ್ತಿಯಾದದ್ದನ್ನು ಹೆಗಲ ಬಟ್ಟೆಯಿಂದ ಒರೆಸುತ್ತಿದ್ದಳು. ಎಣ್ಣೆ ಬಿದ್ದ ಕೂಡಲೇ ಭಾವ ಕಣ್ಣು ಮುಚ್ಚುತ್ತಿದ್ದರು. "ನೋಡೇ, ಇವರಿಗೆ ಎಷ್ಟು ಹಿತವಾಗಿದೆ," ಎನ್ನುತ್ತಿದ್ದಳು ಅಕ್ಕ. ನನಗೂ ಹಾಗೇ ಕಂಡಿತು.

ಆರು ತಿಂಗಳಾಗುವಷ್ಟರಲ್ಲಿ ಇನ್ನೊಂದು ಶುರುವಾಯಿತು. ಭಾವ ಉತ್ತರ ಕೊಡುವುದನ್ನೇ ಬಿಡತೊಡಗಿದರು. ನೀರು ಬೇಕಾ, ಕಿಟಕಿ ತೆಗೆಯಲಾ, ಮಗ್ಗುಲು ತಿರುಗಿಸಲಾ ಎಂದು ಅಕ್ಕ ಕೇಳುತ್ತಲೇ ಇರುವಳು, ಅವರು ಗೋಡೆ ನೋಡುತ್ತಾ ಇರುವರು. ವಾರಕ್ಕೊಮ್ಮೆ ಬರುತ್ತಿದ್ದ ಥೆರಪಿ ಹುಡುಗಿ ಅದನ್ನು ಗಮನಿಸಿದಳು. ಅವಳು ಮಾತು ಕಲಿಸುವವಳು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು.

"ಆಂಟಿ, ನಾವು ಕೇಳಿದ್ದಕ್ಕೆ ಮಾತ್ರ ಅವರು ಉತ್ತರ ಹೇಳ್ಬೇಕು. ಅವರಾಗಿ ಏನೂ ಹೇಳೋ ಹಾಗಿಲ್ಲ. ಯಾರಿಗಾದ್ರೂ ಸಾಕಾಗಿಹೋಗುತ್ತೆ. ಬೇಗ ಒಂದು ದಾರಿ ಮಾಡಿಕೊಡದೆ ಇದ್ರೆ ಒಳಗಿಂದ ಚಿಲಕ ಹಾಕ್ಕೊಂಡ್ಬಿಡ್ತಾರೆ."

ದಾರಿ ಅಂದರೆ ಅಕ್ಷರಗಳ ಒಂದು ಪಾರದರ್ಶಕ ಹಲಗೆ. ನಡುವೆ ಖಾಲಿ, ಸುತ್ತಲೂ ಅಕ್ಷರಗಳ ಎಂಟು ಗುಂಪು. ಅದನ್ನು ಇಬ್ಬರ ಮುಖದ ನಡುವೆ ಹಿಡಿಯಬೇಕು. ಭಾವ ಮೊದಲು ಒಂದು ಗುಂಪನ್ನು ನೋಡುತ್ತಾರೆ, ಆಮೇಲೆ ಆ ಗುಂಪಿನೊಳಗೆ ಅಕ್ಷರ ಯಾವ ಜಾಗದಲ್ಲಿದೆಯೋ ಹಲಗೆಯ ಅದೇ ಜಾಗವನ್ನು ನೋಡುತ್ತಾರೆ. ಈ ಕಡೆಯಿಂದ ನಾವು ಖಾಲಿ ಜಾಗದ ಮೂಲಕ ಅವರ ಕಣ್ಣು ನೋಡಿ ಅಕ್ಷರ ಹಿಡಿಯಬೇಕು. ಹುಡುಗಿ ತಂದ ಪ್ಲಾಸ್ಟಿಕ್ ಹಲಗೆಯ ಮೇಲೆ ಅಕ್ಷರಗಳ ಸ್ಟಿಕ್ಕರ್ ಅಂಟಿಸಿತ್ತು. ಅಕ್ಕ ಅದನ್ನು ದಿನಕ್ಕೆ ಮೂರು ಸಲ ಒರೆಸಿ ಒಂದೇ ವಾರದಲ್ಲಿ ಗೀರುಗೀರು ಮಾಡಿಟ್ಟಳು, ಸ್ಟಿಕ್ಕರುಗಳೆಲ್ಲ ಮೂಲೆ ಬಿಟ್ಟವು. ಅಲ್ಲದೆ ಭಾವ ಪ್ಲಾಸ್ಟಿಕ್ ನೋಡಿದ ಕೂಡಲೇ ಕಣ್ಣು ಮುಚ್ಚಿದರು. ಕೈಯಿಂದ ಬರೆದರೆ ಅಕ್ಷರ ಅವರಿಗೆ ಎರಡೆರಡಾಗಿ ಕಾಣುತ್ತಿತ್ತು. ಅಚ್ಚು ಹಾಕಿದಂತೆ ದಪ್ಪಗೆ, ಅಂಚು ಚೂಪಾಗಿ ಇರಬೇಕಿತ್ತು.

"ಇವರು ಗಾಜಿನ ಮನುಷ್ಯ. ಗಾಜೇ ಆಗ್ಬೇಕು," ಎಂದಳು ಅಕ್ಕ.

ಗಾಜಿನ ಮೇಲೆ ಪ್ರಿಂಟ್ ಹಾಕುವವರ ಹತ್ತಿರ ಹೋದೆವು. ಒಂದೇ ಪೀಸಿಗೆಲ್ಲ ಮಷೀನು ನಿಲ್ಲಿಸಲಾಗುವುದಿಲ್ಲ, ನೂರು ಮಾಡಿಸುವುದಿದ್ದರೆ ಬನ್ನಿ ಎಂದರು. ಮೂವತ್ತು ವರ್ಷ ಟಿಕೆಟ್ ಕೌಂಟರಿನಲ್ಲಿ ಕೂತು ಜನರನ್ನು ಗದರಿಸಿದವಳು ನಾನು. ಅವರಿಗೆ ಬಾಯಿಗೆ ಬಂದದ್ದು ಹೇಳಿ ಬಂದೆ. ನೂರು ಜನ ಭಾವಂದಿರನ್ನು ನಾನು ಎಲ್ಲಿಂದ ತರಲಿ? ಮನೆ ಮೆಟ್ಟಿಲು ಹತ್ತುತ್ತಾ ಅಕ್ಕ, "ನಾನೇ ಮಾಡ್ತೀನಿ," ಎಂದಳು.

"ಮಾಡ್ತೀಯಾ, ಮಾಡ್ತೀಯಾ. ಒಲೆ ಮೇಲೆ ಹಾಲಿಟ್ಟು ಮರೆಯೋಳು ನೀನು."

"ಹಾಲು ಬೇರೆ, ಇದು ಬೇರೆ," ಎಂದಳು.

ಬೀದಿ ಕೊನೆಯಲ್ಲಿ ಟೀ ಶರ್ಟಿಗೆ ಚಿತ್ರ ಅಚ್ಚು ಹಾಕುವವನೊಬ್ಬನಿದ್ದಾನೆ. ಅವನ ಮೈಮೇಲಿನ ಬಟ್ಟೆಯಲ್ಲಿ ಯಾವ ಬಣ್ಣ ಇಲ್ಲ ಎಂದು ಹುಡುಕಬೇಕು, ಅದಕ್ಕೇ ನಾವು ಅವನನ್ನು ಬಣ್ಣದಣ್ಣ ಎನ್ನುತ್ತೇವೆ. ಅವನು ಒಂದು ಹಳೆಯ ಮರದ ಚೌಕಟ್ಟು ಕೊಟ್ಟ, ಅದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ಸಣ್ಣ ಜಾಲಿಯ ಬಟ್ಟೆ. ಕೆಲಸ ಹೀಗೆ: ಜಾಲಿಗೆ ಒಂದು ದ್ರಾವಣ ಬಳಿದು ಕತ್ತಲಲ್ಲಿ ಒಣಗಿಸಬೇಕು. ಅದರ ಮೇಲೆ ಅಕ್ಷರಗಳ ಫಿಲ್ಮ್ ಇಟ್ಟು ಬಿಸಿಲಿಗೆ ಹಿಡಿದರೆ ಬೆಳಕು ಬಿದ್ದಲ್ಲಿ ದ್ರಾವಣ ಗಟ್ಟಿಯಾಗುತ್ತದೆ, ಅಕ್ಷರದ ನೆರಳು ಬಿದ್ದಲ್ಲಿ ನೀರಿಗೆ ತೊಳೆದುಹೋಗುತ್ತದೆ. ಆಮೇಲೆ ಜಾಲಿಯನ್ನು ಗಾಜಿನ ಮೇಲಿಟ್ಟು ರಬ್ಬರ್ ಪಟ್ಟಿಯಿಂದ ಇಂಕು ಎಳೆದರೆ ಅಕ್ಷರದ ಕಿಂಡಿಗಳಲ್ಲಿ ಮಾತ್ರ ಇಳಿಯುತ್ತದೆ. "ಅಮ್ಮಾ, ನಾನು ಬಟ್ಟೆಯವನು. ಗಾಜು ನಂಗೊತ್ತಿಲ್ಲ. ಅದಕ್ಕೆ ಯಾವುದೂ ಸುಲಭಕ್ಕೆ ಅಂಟಲ್ಲ, ಹುಷಾರು," ಎಂದು ಮೊದಲೇ ಹೇಳಿದ್ದ ಪುಣ್ಯಾತ್ಮ.

ಗಾಜಿಗೆ ಎಲ್ಲೂ ಹೋಗಬೇಕಾಗಲಿಲ್ಲ. ಮುಚ್ಚಿದ ಅಂಗಡಿಯ ಕಪಾಟಿಗೆ ನಾಲ್ಕು ಜಾರುಬಾಗಿಲಿದ್ದವು, ಎರಡಡಿ ಅಗಲ, ಒಂದೂವರೆ ಅಡಿ ಎತ್ತರ, ಅಂಚು ಮೊದಲೇ ಉಜ್ಜಿ ನುಣುಪು ಮಾಡಿದ್ದು. ಅವನ್ನು ಬಿಚ್ಚಿ ತಂದೆವು. ಭಾವನಿಗೆ ತೋರಿಸಿದಾಗ ಎಷ್ಟೋ ದಿನದ ಮೇಲೆ ಕಣ್ಣು ಮೇಲೆ ಹೋಯಿತು.

ಬಚ್ಚಲುಮನೆ ಕತ್ತಲೆಕೋಣೆಯಾಯಿತು, ತಾರಸಿ ಬಿಸಿಲಿನ ಕಾರ್ಖಾನೆಯಾಯಿತು, ಊಟದ ಮೇಜು ಅಚ್ಚಿನಮನೆ. ನಾವು ತಟ್ಟೆ ಹಿಡಿದು ನಿಂತೇ ತಿನ್ನುತ್ತಿದ್ದೆವು.

ಮೊದಲ ಸಲ ಬಣ್ಣದಣ್ಣ ಕೊಟ್ಟ ಬಟ್ಟೆಯ ಇಂಕನ್ನೇ ಎಳೆದೆವು. ಎರಡು ದಿನವಾದರೂ ಒಣಗದೆ, ಮುಟ್ಟಿದರೆ ಜ್ಯಾಮಿನ ಹಾಗೆ ಬೆರಳಿಗೆ ಬಂತು. ಅದೂ ಸಾಲದೆಂದು, ಅಕ್ಷರಗಳೆಲ್ಲ ತಿರುಗುಮುರುಗು. ಫಿಲ್ಮನ್ನು ಉಲ್ಟಾ ಇಟ್ಟದ್ದು ನೀನು, ಅಲ್ಲ ನೀನು ಎಂದು ಅರ್ಧ ಗಂಟೆ ಜಗಳವಾಡಿ, ಹೊಸ ಜಾಲಿ ಮಾಡಬೇಕಲ್ಲ ಎಂದು ಇಬ್ಬರೂ ತಲೆ ಮೇಲೆ ಕೈಹೊತ್ತು ಕೂತೆವು. ಗಾಜನ್ನು ತಿರುಗಿಸಿ ಹಿಡಿದರೆ ಅಕ್ಷರ ನೆಟ್ಟಗಾಗುತ್ತದೆ ಎಂದು ಹೊಳೆದದ್ದು ಆಮೇಲೆ. ಯಾರಿಗೂ ಹೇಳಬೇಡ ಎಂದಳು ಅಕ್ಕ. ಇಷ್ಟು ದಿನ ಹೇಳಿರಲಿಲ್ಲ.

ಎರಡನೆಯ ಸಲ ಗಾಜಿನದೇ ಇಂಕು ತರಿಸಿದೆವು. ಅದಕ್ಕೆ ಗಟ್ಟಿಯಾಗಿಸುವ ಇನ್ನೊಂದು ಪುಟ್ಟ ಡಬ್ಬಿಯ ದ್ರವವನ್ನು ಬೆರೆಸಬೇಕು. ಅಕ್ಕ ಹೋಟೆಲಿನಲ್ಲಿ ಬಕೆಟ್ಟಿಗೆ ಸೋಪಿನ ನೀರು ಬೆರೆಸಿದ ಹಾಗೆ ಕಣ್ಣಂದಾಜಿನಲ್ಲಿ ಸುರಿದಳು. ಅಕ್ಷರಗಳು ಒಂದಕ್ಕೊಂದು ಹರಿದು ಸೇರಿ ದಪ್ಪ ಹುಬ್ಬಿನಂತಾದವು, ವಾರ ಕಳೆದರೂ ಉಗುರು ತಾಗಿದರೆ ಎದ್ದುಬರುತ್ತಿದ್ದವು. ಬ್ಲೇಡಿನಿಂದ ಕೆರೆದು ಗಾಜನ್ನು ಮತ್ತೆ ಬೋಳು ಮಾಡಿದೆವು.

ಮೂರನೆಯ ಸಲ ಅಕ್ಕ ತೂಕದ ಪುಟ್ಟ ತಕ್ಕಡಿ ತಂದಳು. ಡಬ್ಬಿಯ ಮೇಲೆ ಬರೆದದ್ದನ್ನು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದಳು. ಹತ್ತು ಪಾಲಿಗೆ ಒಂದು ಪಾಲು, ಒಂದು ಹನಿ ಅತ್ತಿತ್ತ ಬಿಡಲಿಲ್ಲ. ಹರಿಯುವುದಕ್ಕೆ ಮದ್ದು ಬಣ್ಣದಣ್ಣ ಹೇಳಿದ: ಜಾಲಿ ಗಾಜಿಗೆ ತಾಗಿ ಕೂತಿದೆ, ಚೂರು ಎತ್ತರದಲ್ಲಿರಬೇಕು. ಚೌಕಟ್ಟಿನ ನಾಲ್ಕು ಮೂಲೆಗೂ ಎರಡೆರಡು ನಾಣ್ಯ ಇಟ್ಟೆವು. ರಬ್ಬರ್ ಪಟ್ಟಿ ಹೋದಲ್ಲಿ ಮಾತ್ರ ಜಾಲಿ ಗಾಜಿಗೆ ಮುತ್ತಿಟ್ಟು ಮೇಲೇಳುತ್ತಿತ್ತು. ಚೌಕಟ್ಟು ಎತ್ತಿ ನೋಡಿದರೆ, ಅಬ್ಬಾ! ಅಕ್ಷರಗಳು ಭಾವನ ಅಂಗಡಿಯ ಬೋರ್ಡಿನಂತೆ ಕಪ್ಪಗೆ, ಚೂಪಾಗಿ ಕೂತಿದ್ದವು. ಅಕ್ಕ ನನ್ನನ್ನು ತಬ್ಬಿಕೊಂಡಳು. ನನ್ನ ಬಿಳಿ ಅಂಗಿಯ ಬೆನ್ನಿನ ಮೇಲೆ ಅವಳ ಐದು ಬೆರಳೂ ಈಗಲೂ ಇವೆ.

ಏಳು ದಿನ ಒಣಗಿಸಿ, ಇಂಕು ಗಟ್ಟಿ ಹಿಡಿದಿದೆಯೇ ನೋಡಲು ಟೇಪು ಅಂಟಿಸಿ ಎಳೆದೆವು. ಅರ್ಧಕ್ಕರ್ಧ ಅಕ್ಷರ ಟೇಪಿನ ಜೊತೆ ಎದ್ದು ಬಂದವು.

ನಾಲ್ಕನೆಯ ಸಲವೂ ಅದೇ ಕತೆ. ಇಂಕು ಸರಿ, ಅಳತೆ ಸರಿ, ನಾಣ್ಯ ಸರಿ, ಒಣಗಿಸಿದ್ದು ಸರಿ. ವಿಚಿತ್ರವೆಂದರೆ ಎಲ್ಲ ಕಡೆ ಏಳುತ್ತಿರಲಿಲ್ಲ. ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಬಿಲ್ಲಿನ ಹಾಗೆ ಬಾಗಿದ ಪಟ್ಟೆಯೊಳಗಿನ ಅಕ್ಷರಗಳು ಮಾತ್ರ ಸತ್ತುಹೋಗುತ್ತಿದ್ದವು. ನಾನು ಇಂಕು ಮಾಡಿದವನನ್ನು ಬೈದೆ, ಗಾಳಿಯಲ್ಲಿನ ತೇವವನ್ನು ಬೈದೆ, ಕೊನೆಗೆ ಗಾಜಿಗೂ ಬೈದೆ. ಅಕ್ಕ ಬೈಯಲಿಲ್ಲ. ಗಾಜನ್ನು ಇನ್ನೂ ಚೆನ್ನಾಗಿ ತೊಳೆದಳು. ಸೋಪು, ಬಿಸಿನೀರು, ಆಮೇಲೆ ಸ್ಪಿರಿಟ್ಟು. ಹೋಟೆಲಿನ ಯಾವ ಕನ್ನಡಿಯೂ ಅಷ್ಟು ಮರ್ಯಾದೆ ಕಂಡಿರಲಾರದು.

ಎರಡು ತಿಂಗಳು ಹೀಗೆ ಕಳೆಯಿತು. ಥೆರಪಿ ಹುಡುಗಿ ಬಂದಾಗ ಭಾವ ಅವಳತ್ತ ತಿರುಗಿಯೂ ನೋಡಲಿಲ್ಲ. ಅವಳು ಅಕ್ಕನ ಭುಜ ಒತ್ತಿ ಹೋದಳು. ಅವತ್ತು ಅಕ್ಕ ಅಡುಗೆಮನೆಯಲ್ಲಿ ಸಿಂಕಿನ ಅಂಚು ಹಿಡಿದು ನಿಂತಿದ್ದಳು.

"ನನ್ ಕೈಲಿ ಆಗಲ್ಲ ಕಣೇ," ಎಂದಳು. "ಇವರೊಳಗೆ ಏನೋ ಒಂದು ಮಾತಿದೆ. ನಂಗೊತ್ತು, ಇದೆ. ಅದನ್ನ ಹೇಳ್ದೆ ಹೋಗ್ಬಿಟ್ರೆ?"

ಅಕ್ಕ ಸೋತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅದಕ್ಕೇ ಇನ್ನಷ್ಟು ಜೋರಾಗಿ ಗದರಿದೆ. "ಅಳೋದಿದ್ರೆ ಆಮೇಲೆ ಅಳು. ಮೊದಲು ಆ ಹಾಳು ಗಾಜು ತಗೊಂಡ್ಬಾ. ಅರ್ಧ ಅಕ್ಷರ ಆದ್ರೂ ಇದೆಯಲ್ಲ, ಅದರಲ್ಲೇ ಹೇಳಲಿ."

ನಾಲ್ಕನೆಯ ಗಾಜನ್ನು ಕೋಣೆಗೆ ತಂದು ಭಾವನ ಎದುರು ಹಿಡಿದಳು. ಹಿಂದಿನಿಂದ ಕಿಟಕಿಯ ಬೆಳಕು. ಹಿಡಿಯುವ ಮುಂಚೆ ಅಭ್ಯಾಸಬಲದಿಂದ ಹೆಗಲ ಬಟ್ಟೆ ತೆಗೆದು ಗಾಜಿನ ಮೇಲೆ ಸರಕ್ಕನೆ ಒಂದು ಸಲ ಆಡಿಸಿ ಮತ್ತೆ ಹೆಗಲಿಗೇರಿಸಿದಳು. ನಾನು ಅದನ್ನು ನೋಡಿಯೂ ನೋಡಲಿಲ್ಲ. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಅವಳು ಉಸಿರಾಡುವುದನ್ನು ಯಾರಾದರೂ ಗಮನಿಸುತ್ತಾರೆಯೇ?

ಭಾವ ಗಮನಿಸಿದರು. ಗೋಡೆ ಬಿಟ್ಟು ಕಣ್ಣು ಇತ್ತ ಬಂತು. ಅಕ್ಷರಗಳ ಮೇಲಲ್ಲ, ಅಕ್ಕನ ಹೆಗಲ ಮೇಲೆ. ಅಲ್ಲಿಂದ ಗಾಜಿಗೆ, ಗಾಜಿನಿಂದ ಮತ್ತೆ ಹೆಗಲಿಗೆ. ಇಷ್ಟು ಚುರುಕಾಗಿ ಆ ಕಣ್ಣು ಓಡಿದ್ದನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ.

"ಏನ್ರೀ? ಭುಜ ನೋಯ್ತಿದೆಯಾ?" ಎಂದಳು ಅಕ್ಕ.

ಕಣ್ಣು ಮುಚ್ಚಿದರು. ಇಲ್ಲ.

"ಬಟ್ಟೆನಾ, ಭಾವ?" ಎಂದೆ ನಾನು.

ಕಣ್ಣು ಮೇಲೆ ಹೋಯಿತು. ಹೌದು!

"ಅಯ್ಯೋ, ಬಟ್ಟೆ ಒದ್ದೆ ಆಗಿದೆಯೇನೋ, ಹಾಸಿಗೆ ಬದಲಾಯಿಸ್ಬೇಕು," ಎಂದು ಅಕ್ಕ ಗಾಜನ್ನು ನನ್ನ ಕೈಗೆ ತುರುಕಿ ಹೊದಿಕೆ ಎತ್ತಲು ಹೋದಳು. ಭಾವ ಕಣ್ಣು ಬಿಗಿಯಾಗಿ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಬಾಯಿದ್ದಿದ್ದರೆ ಅದು ಬೈಗುಳವೇ, ಎರಡು ಮಾತಿಲ್ಲ.

ನಾನು ಗಾಜು ಹಿಡಿದು ನಿಂತಿದ್ದೆ. ಭಾವನ ದೃಷ್ಟಿ ಈಗ ಗಾಜಿಗೆ ನೆಟ್ಟಿತ್ತು, ನಾನೂ ಅತ್ತ ನೋಡಿದೆ. ಆಗ ಅಂಗಡಿಯ ನೆನಪು ಬಂತು. ಗಾಜನ್ನು ಬಾಯಿಯ ಹತ್ತಿರ ತಂದು ಅವರ ಹಾಗೆಯೇ 'ಹಾ' ಎಂದೆ. ಉಸಿರಿನ ಮಂಜು ಹರಡಿತು. ಮಂಜಿನೊಳಗೆ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಬಿಲ್ಲಿನ ಹಾಗೆ ಬಾಗಿದ ಒಂದು ಅಗಲವಾದ ಜಿಡ್ಡಿನ ಪಟ್ಟೆ ಎದ್ದು ನಿಂತಿತು. ಸತ್ತ ಅಕ್ಷರಗಳೆಲ್ಲ ಅದರೊಳಗೇ ಇದ್ದವು.

"ಕಳ್ಳ ಸಿಕ್ಕಿಬಿದ್ದ, ಭಾವ!" ಎಂದು ಕಿರುಚಿದೆ.

ಅವರ ಕಣ್ಣು ಮೇಲೆ ಹೋಗಿ ಅಲ್ಲೇ ನಿಂತಿತು, ಹೌದು, ಹೌದು, ಹೌದು.

ಅಕ್ಕನಿಗೆ ಇನ್ನೂ ತಲೆಬುಡ ತಿಳಿದಿರಲಿಲ್ಲ. ನಾನು ಅವಳ ಹೆಗಲಿನಿಂದ ಬಟ್ಟೆ ಕಿತ್ತು ಅವಳ ಮೂಗಿಗೇ ಹಿಡಿದೆ. ಎಣ್ಣೆಯ ಘಾಟು! ಬೆಳಗ್ಗೆ ತಿಕ್ಕಿ ಒರೆಸಿದ್ದೇ ಬಟ್ಟೆ. ತೊಳೆದರೂ ಪೂರ್ತಿ ಹೋಗದ ಜಿಡ್ಡು. ಸೋಪು, ಬಿಸಿನೀರು, ಸ್ಪಿರಿಟ್ಟು ಎಲ್ಲ ಮುಗಿಸಿ, ಜಾಲಿ ಇಳಿಸುವ ಮುಂಚೆ, ಪ್ರತಿ ಸಲವೂ, ಕೊನೆಯದಾಗಿ ಒಂದು ಸಲ.

"ಒರೆಸಿದ್ನಾ?" ಎಂದಳು ಅಕ್ಕ. ದನಿ ಸಣ್ಣದಾಗಿತ್ತು. "ನಾನು ಒರೆಸಿದ್ನಾ?"

ಅವಳು ಮಂಚದ ಅಂಚಿಗೆ ಕುಸಿದು ಕೂತಳು. ಮೂವತ್ನಾಲ್ಕು ವರ್ಷ ಇದೇ ಕೈಯನ್ನು ಎಲ್ಲರೂ ಹೊಗಳಿದ್ದರು. ನನಗೆ ಅವಳನ್ನು ರೇಗಿಸುವ ಮನಸ್ಸಾಗಲಿಲ್ಲ, ಅದೊಂದು ದಾಖಲೆಯೇ. ಆದರೆ ನಮ್ಮಕ್ಕ ಕೂತೇ ಇರುವವಳಲ್ಲ. ಹತ್ತು ನಿಮಿಷಕ್ಕೆಲ್ಲ ಎದ್ದು ಹಳೆಯ ಅಕ್ಷರಗಳನ್ನು ಬ್ಲೇಡಿನಿಂದ ಕೆರೆಯತೊಡಗಿದಳು.

ಐದನೆಯ ಸಲ ಅಕ್ಕನ ಕೈಗೆ ಹೊಸ ಗ್ಲೌಸು ಹಾಕಿಸಿದೆ. ಬಟ್ಟೆಯನ್ನು ನನ್ನ ಚೀಲಕ್ಕೆ ತುರುಕಿದೆ. ಗಾಜು ತೊಳೆದು, ಸ್ಪಿರಿಟ್ಟು ಹಾಕಿ, ಅಂಚು ಹಿಡಿದು ಮೇಜಿಗಿಟ್ಟೆವು. ಉಸಿರು ಬಿಟ್ಟು ನೋಡಿದೆ, ಮಂಜು ಒಂದೇ ಸಮ ಹರಡಿ ಒಂದೇ ಸಮ ಆರಿತು. ಅಕ್ಕನ ಬಲಗೈ ಎಡ ಹೆಗಲಿಗೆ ಹೋಯಿತು. ಅಲ್ಲಿ ಏನೂ ಸಿಗದೆ ವಾಪಸು ಬಂತು. ಮತ್ತೆ ಹೋಯಿತು.

"ಕೈ ಹಿಂದಕ್ಕೆ ಕಟ್ಕೋ," ಎಂದೆ. ಶಾಲೆಯಲ್ಲಿ ತಪ್ಪು ಮಾಡಿದ ಮಗುವಿನಂತೆ ಕಟ್ಟಿಕೊಂಡಳು. ನಾನು ಜಾಲಿ ಇಳಿಸಿದ ಮೇಲೇ ಬಿಚ್ಚಿದಳು. ಪಟ್ಟಿ ಎಳೆದದ್ದು ಅವಳೇ, ಒಂದೇ ಎಳೆತ.

ಗಾಜನ್ನು ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ನನ್ನ ಮನೆಗೆ ಒಯ್ದೆ. "ನನ್ಮೇಲೆ ಅಷ್ಟೂ ನಂಬಿಕೆ ಇಲ್ವಾ?" ಎಂದಳು. "ನಿನ್ಮೇಲೆ ಇದೆ, ನಿನ್ ಕೈ ಮೇಲಿಲ್ಲ," ಎಂದೆ. ಏಳು ದಿನ ಕಾದೆವು. ಎಂಟನೆಯ ದಿನ ಟೇಪು ಅಂಟಿಸಿ ಎಳೆದೆ. ಟೇಪು ಬರಿದಾಗಿ ಬಂತು. ಒದ್ದೆಬಟ್ಟೆಯಿಂದ ಉಜ್ಜಿದೆ, ಉಗುರಿನಿಂದ ಕೆರೆದೆ. ಒಂದು ಅಕ್ಷರವೂ ಜಗ್ಗಲಿಲ್ಲ.

ಥೆರಪಿ ಹುಡುಗಿ ಬರಲಿ ಎಂದು ಕಾಯುವಷ್ಟು ತಾಳ್ಮೆ ನಮ್ಮಿಬ್ಬರಿಗೂ ಇರಲಿಲ್ಲ. ಬೆಳಗಿನ ಎಣ್ಣೆ ಆಗಷ್ಟೇ ಮುಗಿದಿತ್ತು. ಅಕ್ಕ ಸೋಪು ಹಾಕಿ ಕೈ ತೊಳೆದು ಬಂದು, ಗಾಜನ್ನು ಊಟದ ಟ್ರೇ ಮೇಲೆ ನಿಲ್ಲಿಸಿ ಅಂಚು ಹಿಡಿದು ಕೂತಳು. ನಾನು ಪಕ್ಕದಲ್ಲಿ ಪೆನ್ನು, ಕಾಗದ ಹಿಡಿದು ಕೂತೆ.

"ಹೇಳಿ," ಎಂದಳು. ಇಷ್ಟೇ. ಎಂಟು ತಿಂಗಳಲ್ಲಿ ಅವಳು ಅವರನ್ನು ಪ್ರಶ್ನೆ ಕೇಳದೆ ಮಾತಾಡಿಸಿದ್ದು ಅದೇ ಮೊದಲು.

ಭಾವನ ಕಣ್ಣು ಮೇಲಿನ ಎಡಮೂಲೆಗೆ ಹೋಯಿತು, ಅಲ್ಲಿಂದ ಬಲಕ್ಕೆ ಸರಿಯಿತು. ಒಂದಕ್ಷರ. ಇನ್ನೊಂದು. ನಡುವೆ ತಪ್ಪಿತು, ಮತ್ತೆ ಮೊದಲಿನಿಂದ. ಒಂದು ಪದಕ್ಕೆ ಐದು ನಿಮಿಷ ಹಿಡಿಯಿತು. ನಾನು ಬರೆದದ್ದನ್ನು ಓದಿ ಹೇಳಿದೆ. "ಎಣ್ಣೆ."

ಕಣ್ಣು ಮೇಲೆ ಹೋಯಿತು.

ಅಕ್ಕನ ಮುಖ ಅರಳಿತು. "ಎಣ್ಣೆನಾ? ಇನ್ನೊಂದ್ಸಲ ಹಚ್ಬೇಕಾ? ಕಾಲಿಗಾ? ಬಂದೆ ಇರಿ, ಈಗ ತಂದೆ," ಎಂದು ಏಳಹೋದಳು.

"ಕೂತ್ಕೋ ಮಾರಾಯ್ತಿ! ಅವರು ಇನ್ನೂ ಮುಗಿಸಿಲ್ಲ," ಎಂದು ಕೈ ಹಿಡಿದು ಎಳೆದು ಕೂರಿಸಿದೆ.

ಮತ್ತೆ ಕಣ್ಣು ಹೊರಟಿತು. ಈ ಸಲದ್ದು ಚಿಕ್ಕ ಪದ. ಬರೆದು ಮುಗಿಸಿ ಕಾಗದವನ್ನು ಅಕ್ಕನಿಗೆ ತೋರಿಸಿದೆ. ಎಣ್ಣೆ ಬೇಡ.

ಅಕ್ಕ ಕಾಗದ ನೋಡಿದಳು, ಭಾವನನ್ನು ನೋಡಿದಳು. ನನಗೆ ಹೊಳೆದದ್ದೇ ಅವಳಿಗೂ ಹೊಳೆದಿರಬೇಕು. ಬದುಕಿಡೀ ಜಿಡ್ಡಿನ ಬೆರಳನ್ನು ದ್ವೇಷಿಸಿದ ಮನುಷ್ಯನನ್ನು ನಾವು ಎಂಟು ತಿಂಗಳು ಎಣ್ಣೆಯಲ್ಲಿ ಮುಳುಗಿಸಿದ್ದೆವು. ಎಣ್ಣೆ ಬಿದ್ದ ಕೂಡಲೇ ಅವರು ಕಣ್ಣು ಮುಚ್ಚುತ್ತಿದ್ದರು. ಕಣ್ಣು ಮುಚ್ಚಿದರೆ ಇಲ್ಲ. ಅದನ್ನು ಅವರಿಗೆ ಕಲಿಸಿದವರೇ ನಾವು. ದಿನಾ ಬೆಳಗ್ಗೆ ಒಂದು ಗಂಟೆ ಅವರು ಇಲ್ಲ, ಇಲ್ಲ ಎನ್ನುತ್ತಲೇ ಇದ್ದರು, ನಾವು ಎಷ್ಟು ಹಿತ ಎನ್ನುತ್ತಲೇ ಇದ್ದೆವು. ಎಲ್ಲ ಕೇಳಿದ್ದೆವು, ಅದೊಂದನ್ನು ಬಿಟ್ಟು.

"ಎಂಟು ತಿಂಗಳು," ಎಂದಳು ಅಕ್ಕ. "ಅಯ್ಯೋ, ಎಂಟು ತಿಂಗಳು ನಿಮಗೆ ಹಿಂಸೆ ಕೊಟ್ನಲ್ರೀ." ಗಾಜು ಹಿಡಿದ ಅವಳ ಕೈ ಸಡಿಲವಾಯಿತು. ನಾನು ಗಾಜನ್ನು ಹಿಡಿದುಕೊಂಡೆ. ಅವಳು ಕೈಗಳೆರಡನ್ನೂ ಮಡಿಲಿಗೆ ಎಳೆದುಕೊಂಡಳು, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ.

ಭಾವ ಇನ್ನೂ ನೋಡುತ್ತಿದ್ದರು. "ಅಕ್ಕ, ತಡಿ," ಎಂದೆ. "ಇನ್ನೂ ಇದೆ."

ಗಾಜಿನ ಮೇಲೆ ಆ ಕಣ್ಣು ನಿಧಾನವಾಗಿ ಓಡಾಡಿತು. ಆಯಾಸಕ್ಕೆ ರೆಪ್ಪೆ ಇಳಿಯುತ್ತಿತ್ತು, ಮತ್ತೆ ಎತ್ತುತ್ತಿದ್ದರು. ಅಕ್ಷರ ಹಿಡಿಯುತ್ತಿದ್ದವಳು ಈಗ ನಾನೊಬ್ಬಳೇ. ಅಕ್ಕನ ಕಣ್ಣಲ್ಲಿ ನೀರು ತುಂಬಿ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಬರೆದು ಮುಗಿಸಿ, ಮೂವತ್ತು ವರ್ಷ ಕೌಂಟರಿನಲ್ಲಿ ಕೂಗಿದ ಗಂಟಲಿನಲ್ಲೇ ಗಟ್ಟಿಯಾಗಿ ಓದಿದೆ.

"ಕೈ ಇರಲಿ."

ಅಕ್ಕ ಎದ್ದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಮೊಣಕೈವರೆಗೆ ಸೋಪು ಹಾಕಿ ತೊಳೆದು, ಒರೆಸಿಕೊಳ್ಳದೆ, ಗಾಳಿಗೆ ಕೈ ಆರಿಸಿಕೊಳ್ಳುತ್ತಾ ಬಂದಳು. ಕೈ ತನ್ನಷ್ಟಕ್ಕೆ ಹೆಗಲಿಗೆ ಹೋಯಿತು, 'ಇಲ್ಲ' ಎಂದು ತಾನೇ ಇಳಿಸಿದಳು. ಆಮೇಲೆ ಮಂಚದ ಪಕ್ಕ ಕೂತು ಒಣಗಿದ ತನ್ನ ಅಂಗೈಯನ್ನು ಭಾವನ ಅಂಗೈ ಮೇಲಿಟ್ಟಳು. ತಿಕ್ಕಲಿಲ್ಲ, ಒರೆಸಲಿಲ್ಲ, ಸುಮ್ಮನೆ ಇಟ್ಟುಕೊಂಡು ಕೂತಳು. ಭಾವ ಕಣ್ಣು ಮುಚ್ಚಲಿಲ್ಲ.